ಗದ್ದುಗೆಯ ಕುರುಹು, ಶರಣರ ಅರಿವು

ಹುಟ್ಟಿದ ದೇಹವು ಒಂದು ದಿನ ಮಣ್ಣಿಗೆ ಸೇರತಕ್ಕುದೆಂಬುದನ್ನು ಅರಿಯದವರು ಲೋಕದಲ್ಲಿಲ್ಲ. ಆದರೆ ಮಣ್ಣಿಗೆ ಸೇರಿದ ತರುವಾಯ ಆ ಮಣ್ಣಿನ ಮೇಲೆ ಏನನ್ನು ನಿಲ್ಲಿಸಬೇಕೆಂಬ ವಿಷಯದಲ್ಲಿ ಮಾತ್ರ ಲೋಕಕ್ಕೆ ಒಮ್ಮತವಿಲ್ಲ. ಕೆಲವರು ಕಲ್ಲು ನೆಟ್ಟರು, ಕೆಲವರು ಗುಮ್ಮಟ ಕಟ್ಟಿದರು, ಕೆಲವರು ಮೃತನ ರೂಪವನ್ನೇ ಲೋಹದಲ್ಲಿ ಕೊರೆದಿಟ್ಟರು, ಮತ್ತೆ ಕೆಲವರು ಏನನ್ನೂ ಇಡದೆ ಹೋದರು. ವೀರಶೈವ ಧರ್ಮೀಯರಿಗೆ ಈ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಶರಣನಿಗೆ ಮರಣವೆಂಬುದಿಲ್ಲ, ಲಿಂಗೈಕ್ಯವೆಂಬುದುಂಟು. ಅಂಗವು ಲಿಂಗದಲ್ಲಿ ಬೆರೆತ ಮೇಲೆ ಉಳಿಯುವ ಬೇರೊಂದು ವಸ್ತುವಿಲ್ಲವೆಂಬುದು ಶಾಸ್ತ್ರಸಿದ್ಧವಾದ ಮಾತು. ಹೀಗಿರಲಾಗಿ, ಗದ್ದುಗೆಯೆಂಬುದು ಯಾರಿಗಾಗಿ? ಅದು ಭಕ್ತಿಯ ಕುರುಹೋ, ಇಲ್ಲವೆ ಮರಣಕ್ಕಂಜಿದ ಅಹಂಕಾರವು ಕಡೆಗೆ ಹಿಡಿದುಕೊಳ್ಳುವ ಆಸರೆಯೋ? ಪ್ರತಿಯೊಬ್ಬ ಸದ್ಗೃಹಸ್ಥನೂ ತಂದೆತಾಯಿಗಳನ್ನು ಸಮಾಧಿಗಿಳಿಸುವ ದಿನ ಎದುರಿಸಬೇಕಾದ ಪ್ರಶ್ನೆಯಿದು.

ಬಳ್ಳಾರಿಗೆ ಸಮೀಪದ ಕೊಳಗಲ್ಲು ಗ್ರಾಮವು ಈ ವಿಚಾರಕ್ಕೆ ತಕ್ಕ ದೃಷ್ಟಾಂತವನ್ನು ಒದಗಿಸುತ್ತದೆ. ಕ್ರಿ. ಶ. 967ರ ಒಂದು ಶಾಸನವು ಅಲ್ಲಿ ದೊರೆತಿದೆ. ಗೌಡದೇಶದ, ಎಂದರೆ ಈಗಿನ ಬಂಗಾಳ ಪ್ರಾಂತದ, ವರೇಂದ್ರಿಯಿಂದ ಬಂದ ಗದಾಧರನೆಂಬ ತಪಸ್ವಿಯು ಕಾರ್ತಿಕೇಯನೇ ಮೊದಲಾದ ದೇವತೆಗಳನ್ನು ಅಲ್ಲಿ ಪ್ರತಿಷ್ಠಾಪಿಸಿದ ಸಂಗತಿಯನ್ನು ತಿಳಿಸುವುದೇ ಆ ಶಾಸನದ ಉದ್ದೇಶ. ಆ ಸಂದರ್ಭದಲ್ಲಿಯೇ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ಕಾಲವಾದನೆಂದೂ, ಖೊಟ್ಟಿಗನು ರಾಜ್ಯವಾಳುತ್ತಿದ್ದನೆಂದೂ ಅದರಿಂದ ತಿಳಿದುಬರುತ್ತದೆ. ಕೃಷ್ಣನು ಸಾಮಾನ್ಯನಾದ ಅರಸನಲ್ಲ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ಸೈನ್ಯವನ್ನು ಮುರಿದವನು, ದಕ್ಷಿಣಾಪಥವೆಲ್ಲವನ್ನೂ ನಡುಗಿಸಿದವನು. ಅಂತಹವನ ಅಂತ್ಯವನ್ನು ಇತಿಹಾಸಜ್ಞರು ನಿರ್ಧರಿಸುವುದಕ್ಕೆ ಆಧಾರವಾಗಿರುವುದು ದೂರದ ನಾಡಿನಿಂದ ಬಂದ ಒಬ್ಬ ತಪಸ್ವಿಯ ಧರ್ಮಕಾರ್ಯವನ್ನು ಹೇಳಹೊರಟ ಕಲ್ಲು. ಚಕ್ರವರ್ತಿಯ ಮರಣವು ಅಲ್ಲಿ ಕಾಲವನ್ನು ಗುರುತಿಸುವ ಮಾತು ಮಾತ್ರ; ಕಲ್ಲನ್ನು ನೆಡಿಸಿದುದು ತಪಸ್ವಿಯು ಮಾಡಿದ ಕಾರ್ಯ.

ಅದೇ ಕೃಷ್ಣನ ಕಾಲದ ಇನ್ನೊಂದು ಕಲ್ಲಿನ ಕಥೆ ಇದಕ್ಕಿಂತಲೂ ಬೋಧಪ್ರದವಾಗಿದೆ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನೆಡಿಸಿದ್ದ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನವು ತಕ್ಕೋಲದ ವಿಜಯವನ್ನೇನೋ ಹೇಳುತ್ತದೆ. ಆದರೆ ಆ ಕಲ್ಲನ್ನು ನೆಡಿಸಿದುದು ಒಂದು ನಾಯಿಗಾಗಿ. ಗಂಗರ ಬೂತುಗನ ಭಟನಾದ ಮಣಲೇರನು ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಪ್ರತಿಯಾಗಿ ಒಡೆಯನಿಂದ ಹೊನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಮಡಿದವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು; ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಸ್ವಾಮಿನಿಷ್ಠೆಯಿಂದ ಪ್ರಾಣ ತೆತ್ತ ಮೂಕಪ್ರಾಣಿಗೆ ದೊರೆತ ಈ ಗೌರವವನ್ನು ನೋಡಿದರೆ, ನೆನಪೆಂಬುದು ಕುಲವನ್ನೂ ಪದವಿಯನ್ನೂ ಕೇಳುವುದಿಲ್ಲ, ನಡತೆಯೊಂದನ್ನೇ ಕೇಳುತ್ತದೆಂಬುದು ಸ್ಪಷ್ಟವಾಗುತ್ತದೆ.

ಕನ್ನಡ ನಾಡಿನ ಊರೂರಿನಲ್ಲಿಯೂ ನಿಂತಿರುವ ವೀರಗಲ್ಲುಗಳು ಇದೇ ಪಾಠವನ್ನು ಹೇಳುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ದೇವಾಂಗನೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ಆತನ ರೂಪು. ಊರ ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಒಕ್ಕಲಿಗನಿಗೂ ಇಂತಹ ಕಲ್ಲು ಸಲ್ಲುತ್ತಿತ್ತು. ಆ ಕಲ್ಲುಗಳಿಗಿಂತಲೂ ಬಹಳ ಹಿಂದಿನವು ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಬೃಹತ್ ಶಿಲಾಸಮಾಧಿಗಳು. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತಿರುವ ಆ ನೂರಾರು ಕಲ್ಲುಮನೆಗಳಲ್ಲಿ ಒಂದರ ಮೇಲೂ ಹೆಸರಿಲ್ಲ. ಜನರು ಅವನ್ನು ಮೋರ್ಯರ ಮನೆಗಳೆಂದು ಕರೆದು, ಗಿಡ್ಡರಾದ ಯಾವುದೋ ಜನಾಂಗದವರು ಅಲ್ಲಿ ವಾಸಿಸಿದ್ದರೆಂದು ಕಥೆ ಹೇಳಿಕೊಳ್ಳುತ್ತಾರೆ. ಕಲ್ಲು ಉಳಿಯಿತು, ಹೆಸರು ಅಳಿಯಿತು. ಹೆಸರನ್ನು ಉಳಿಸಲು ಕಲ್ಲೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪರದೇಶಗಳಲ್ಲಿಯೂ ಈ ಹಂಬಲವು ಕಡಿಮೆಯಲ್ಲ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಸರದಾರರೂ ಅವರ ಪತ್ನಿಯರೂ ಕಲ್ಲಿನಲ್ಲಿ ಮಲಗಿದ್ದಾರೆ. ಕೈಗಳು ಎದೆಯ ಮೇಲೆ ಮುಗಿದಿವೆ. ಕಾಲ ಬಳಿ ಸಿಂಹವೋ ನಾಯಿಯೋ ಇದೆ. ಮೂರ್ತಿ ಮಾಡಿಸುವಷ್ಟು ಸ್ಥಳವಾಗಲಿ ಹಣವಾಗಲಿ ಇಲ್ಲದವರು ಹಿತ್ತಾಳೆಯಂತಹ ಲೋಹದ ತಗಡಿನಲ್ಲಿ ತಮ್ಮ ರೂಪವನ್ನು ಗೆರೆಗಳಿಂದ ಕೊರೆಯಿಸಿ ಚರ್ಚಿನ ನೆಲಗಲ್ಲಿನಲ್ಲಿ ಕೂಡಿಸಿದರು. ಆದರೆ ಹದಿನಾರನೆಯ ಶತಮಾನದಲ್ಲಿ ಅಲ್ಲಿ ಮತಸುಧಾರಣೆಯ ಗಾಳಿ ಬೀಸಿದಾಗ ಅಂತಹ ತಗಡುಗಳನ್ನು ಎಷ್ಟೋ ಕಡೆ ಕಿತ್ತು, ಲೋಹದ ಬೆಲೆಗೆ ಮಾರಿಬಿಟ್ಟರು. ಕೊಂಡವರು ತಗಡನ್ನು ಮಗುಚಿ, ಹಿಂಬದಿಯಲ್ಲಿ ಬೇರೊಬ್ಬ ಮೃತನ ರೂಪವನ್ನು ಕೊರೆಯಿಸಿ ಮತ್ತೆ ನೆಲಕ್ಕೆ ಹಾಕಿದರು. ಒಬ್ಬನ ಕೀರ್ತಿಯ ಬೆನ್ನಿನ ಮೇಲೆ ಮತ್ತೊಬ್ಬನ ಕೀರ್ತಿ! ಇಂತಹ ಎರಡು ಮುಖದ ತಗಡುಗಳು ಇಂದಿಗೂ ಅಲ್ಲಿ ದೊರೆಯುತ್ತವೆ.

ಆ ದೇಶದಲ್ಲಿಯೂ ವಿವೇಕಿಗಳಿಲ್ಲದಿರಲಿಲ್ಲ. ಕ್ಯಾಂಟರ್‌ಬರಿಯ ಪ್ರಧಾನ ಧರ್ಮಗುರುವಾಗಿದ್ದು 1443ರಲ್ಲಿ ಮೃತನಾದ ಹೆನ್ರಿ ಚಿಚಿಲಿಯೆಂಬಾತನು ತಾನು ಬದುಕಿರುವಾಗಲೇ ತನ್ನ ಗೋರಿಯನ್ನು ಕಟ್ಟಿಸಿಕೊಂಡನು. ಅದರಲ್ಲಿ ಎರಡು ಮೂರ್ತಿಗಳಿವೆ. ಮೇಲಿನದು ಗುರುಪೀಠದ ಉಡುಪನ್ನೆಲ್ಲ ಧರಿಸಿ ಮಲಗಿದ ರೂಪು. ಕೆಳಗಿನದು ಬತ್ತಲೆಯಾದ, ಬಡಕಲಾದ ಹೆಣದ ರೂಪು. ಪೂಜೆಗೆ ಹೋಗಿಬರುವಾಗ ಈ ಎರಡನ್ನೂ ಕಾಣುವ ಭಾಗ್ಯವನ್ನು ಆತನೇ ಸಂಪಾದಿಸಿಕೊಂಡಿದ್ದನು. ಪದವಿಯ ಕೆಳಗೆ ಏನಿದೆಯೆಂಬುದನ್ನು ಮರೆಯದಿರುವುದಕ್ಕಾಗಿ ಮಾಡಿಸಿದ ಕುರುಹದು. ಆದರೂ ಆತನ ನಿಜವಾದ ಸ್ಮಾರಕವು 1438ರಲ್ಲಿ ಆತನು ಆಕ್ಸ್‌ಫರ್ಡಿನಲ್ಲಿ ಸ್ಥಾಪಿಸಿದ ವಿದ್ಯಾಶಾಲೆಯೆಂದೇ ಹೇಳಬೇಕು. ಅದು ಇಂದಿಗೂ ನಡೆಯುತ್ತಿದೆ.

ಬಳ್ಳಾರಿ ಸೀಮೆಯವರು ಮರೆಯಲಾಗದ ಆಂಗ್ಲ ಅಧಿಕಾರಿ ಸರ್ ಥಾಮಸ್ ಮನ್ರೋ. 1800ರಿಂದ 1807ರವರೆಗೆ ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿದ್ದು, ರೈತನೊಡನೆ ನೇರವಾಗಿ ಕಂದಾಯದ ಕರಾರು ಮಾಡಿಕೊಳ್ಳುವ ರೈತವಾರಿ ಪದ್ಧತಿಯನ್ನು ಈ ಸೀಮೆಯಲ್ಲಿ ನೆಲೆಗೊಳಿಸಿದವನು. ಅನಂತರ ಮದರಾಸಿನ ಗವರ್ನರನಾಗಿ, ಸ್ವದೇಶಕ್ಕೆ ಮರಳುವ ಮುನ್ನ ಈ ಜನರನ್ನು ಕಡೆಯ ಸಲ ನೋಡಿಹೋಗಬೇಕೆಂದು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಗುತ್ತಿಯಲ್ಲಿ ಹೂಳಿದ ಆತನ ಅವಶೇಷಗಳನ್ನು 1831ರಲ್ಲಿ ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು. ಮದರಾಸಿನಲ್ಲಿ ಕುದುರೆಯೇರಿದ ಆತನ ಕಂಚಿನ ಪ್ರತಿಮೆಯೂ ನಿಂತಿತು. ಇತ್ತ ಪತ್ತಿಕೊಂಡದಲ್ಲಿ ಆತನ ನೆನಪಿಗೆಂದು ಬಾವಿ ತೋಡಿಸಿ ತೋಪು ನೆಡಿಸಿದರು. ಬಿಸಿಲಸೀಮೆಯ ದಾರಿಹೋಕನಿಗೆ ಈ ಎರಡರಲ್ಲಿ ಯಾವುದು ಬೇಕಾದುದೆಂದು ಕೇಳಬೇಕೆ? ಪ್ರತಿಮೆಯು ಸತ್ತವನನ್ನು ತೋರಿಸುತ್ತದೆ. ಬಾವಿಯು ಬದುಕಿರುವವನ ಬಾಯಾರಿಕೆಯನ್ನು ಕೇಳುತ್ತದೆ.

ವೀರಶೈವ ಅರಸುಮನೆತನಗಳಲ್ಲಿಯೂ ಗದ್ದುಗೆಯ ವೈಭವ ಇಲ್ಲದಿರಲಿಲ್ಲ. ಮಡಿಕೇರಿಯಲ್ಲಿ ಕೊಡಗಿನ ಹಾಲೇರಿ ದೊರೆಗಳ ಗದ್ದುಗೆಗಳಿವೆ. ದೊಡ್ಡವೀರರಾಜೇಂದ್ರನದೊಂದು, ಲಿಂಗರಾಜೇಂದ್ರನದೊಂದು, ಮಹಮ್ಮದೀಯರ ಕಟ್ಟಡಗಳ ಮಾದರಿಯ ಗುಮ್ಮಟಗಳು, ಅವುಗಳೊಡನೆ ಶಿವನ ನಂದಿಗಳು. 1820ರಲ್ಲಿ ತಂದೆ ಲಿಂಗರಾಜೇಂದ್ರನು ತೀರಿಕೊಂಡಾಗ ಗದ್ದುಗೆಯನ್ನು ಕಟ್ಟಿಸಿದವನು ಚಿಕ್ಕವೀರರಾಜೇಂದ್ರ. ಹದಿನಾಲ್ಕು ವರ್ಷಗಳಲ್ಲಿ, 1834ರಲ್ಲಿ, ಆತನು ರಾಜ್ಯವನ್ನು ಕಳೆದುಕೊಂಡು ಕಾಶಿಗೆ ಹೋಗಬೇಕಾಯಿತು. ಅಲ್ಲಿಂದ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲಿಯೇ ಮಡಿದನು. ಆತನ ಮಗಳು ಗೌರಮ್ಮ ಕ್ರೈಸ್ತಧರ್ಮಕ್ಕೆ ಸೇರಿ, ವಿಕ್ಟೋರಿಯಾ ರಾಣಿಯ ಹೆಸರನ್ನು ಧರಿಸಿ, 1864ರಲ್ಲಿ ತೀರಿಕೊಂಡು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣಾದಳು. ತಂದೆಗೆ ಗುಮ್ಮಟ ಕಟ್ಟಿಸಿದವನಿಗೆ ಆ ಗುಮ್ಮಟದ ನೆರಳು ದಕ್ಕಲಿಲ್ಲ. ಆದರೆ ಅದೇ ಆವರಣದಲ್ಲಿ ಟಿಪ್ಪುವಿನೊಡನೆ ನಡೆದ ಯುದ್ಧಗಳಲ್ಲಿ ಹೋರಾಡಿದ ಬಿದ್ದಂಡ ಬೋಪುವಿಗೂ ಆತನ ಮಗನಿಗೂ ಸಮಾಧಿಗಳಿವೆಯೆಂಬುದನ್ನು ನೆನೆಯಬೇಕು. ಸೇವಕನನ್ನು ತಮ್ಮ ಪಕ್ಕದಲ್ಲಿ ಇರಿಸಿಕೊಂಡ ಆ ಗುಣವು ಗುಮ್ಮಟದ ಎತ್ತರಕ್ಕಿಂತ ದೊಡ್ಡದು.

ಕಿತ್ತೂರಿನ ಕಥೆಯೂ ಹಾಗೆಯೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಮಡಿದ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಎತ್ತರವಾದ ಸ್ಮಾರಕವಾಯಿತು. ಆತನನ್ನು ಎದುರಿಸಿದ ರಾಣಿ ಚೆನ್ನಮ್ಮಾಜಿಯು ಸೆರೆಯಲ್ಲಿದ್ದು 1829ರ ಫೆಬ್ರುವರಿ 2ರಂದು ಬೈಲಹೊಂಗಲದಲ್ಲಿ ಲಿಂಗೈಕ್ಯಳಾದಳು. ಗೆದ್ದವರು ತಮ್ಮವನಿಗೆ ಕಂಬ ನಿಲ್ಲಿಸಿದರು. ಸೋತವಳ ಗದ್ದುಗೆಗೆ ನಾಡಿನ ಜನರು ಹೂವೇರಿಸುತ್ತಿದ್ದಾರೆ. ಅಧಿಕಾರವು ಕಲ್ಲನ್ನು ನಿಲ್ಲಿಸಬಲ್ಲುದು, ಕಣ್ಣೀರನ್ನು ತರಿಸಲಾರದು.

ಇಷ್ಟನ್ನು ಕೇಳಿದವರು ಒಂದು ಆಕ್ಷೇಪವನ್ನು ಎತ್ತಬಹುದು. ಕುರುಹುಗಳೆಲ್ಲ ವ್ಯರ್ಥವೆಂದಾದರೆ ಎದೆಯ ಮೇಲೆ ಧರಿಸುವ ಇಷ್ಟಲಿಂಗವೂ ಒಂದು ಕುರುಹೇ ಅಲ್ಲವೆ? ನಿರಾಕಾರನಾದ ಪರಶಿವನಿಗೆ ಕರಸ್ಥಲದಲ್ಲಿ ಆಕಾರ ಕೊಟ್ಟು ಪೂಜಿಸುವ ವೀರಶೈವನು ಗುರುಹಿರಿಯರಿಗೆ ಒಂದು ಗದ್ದುಗೆಯ ಆಕಾರ ಕೊಟ್ಟರೆ ತಪ್ಪೇನು? ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಕುರುಹು ಬೇಡವೆಂದು ಶರಣರು ಹೇಳಲಿಲ್ಲ. ಕುರುಹನ್ನು ಹಿಡಿದು ಅರಿವಿಗೆ ಹೋಗಬೇಕು, ಅರಿವು ತಲೆದೋರಿದ ಮೇಲೆಯೂ ಕುರುಹಿನಲ್ಲಿಯೇ ನಿಲ್ಲಬಾರದು ಎಂಬುದು ಅಲ್ಲಮಪ್ರಭುದೇವರ ಉಪದೇಶದ ತಿರುಳು. ಸಿರಿವಂತರು ಕಲ್ಲಿನಿಂದ ಕಟ್ಟುವ ಗುಡಿಗಿಂತ ಬಡವನ ದೇಹವೇ ಶಿವನಿಗೆ ಒಪ್ಪುವ ಆಲಯವೆಂದು ಬಸವಣ್ಣನವರು ಸಾರಿದರು. ನಿಂತ ವಸ್ತುವು ಕೆಡುವುದು, ನಡೆಯುವ ಚೈತನ್ಯವು ಕೆಡದು ಎಂಬುದೇ ಆ ಮಾತಿನ ಅಂತರಾರ್ಥ.

ಆದುದರಿಂದ ಇಷ್ಟಲಿಂಗಕ್ಕೂ ಕೀರ್ತಿಯ ಕಲ್ಲಿಗೂ ಇರುವ ಭೇದವನ್ನು ಲಿಂಗೈಕ್ಯನ ಕ್ರಿಯಾಸಮಾಧಿಯಲ್ಲಿಯೇ ನೋಡಬೇಕು. ಅಲ್ಲಿ ದೇಹವನ್ನು ಮಲಗಿಸುವುದಿಲ್ಲ; ಪೂಜೆಗೆ ಕುಳಿತಂತೆ ಕುಳ್ಳಿರಿಸುತ್ತಾರೆ. ವಿಭೂತಿಯನ್ನು ಧರಿಸಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ, ಪತ್ರೆಯನ್ನೇರಿಸಿ ಮಣ್ಣು ಮುಚ್ಚುತ್ತಾರೆ. ದೀಕ್ಷೆಯ ದಿನ ಗುರುವು ಕೊಟ್ಟ ಕುರುಹು ದೇಹದೊಡನೆಯೇ ನೆಲಕ್ಕಿಳಿಯುತ್ತದೆ. ನೋಡುವವರಿಗೆಂದು ಮೇಲೆ ಉಳಿಯುವುದಿಲ್ಲ, ಮಕ್ಕಳ ಪಾಲಿಗೂ ಬರುವುದಿಲ್ಲ. ಅರಿವಿಗಾಗಿ ಇದ್ದ ಕುರುಹು ಹೀಗೆ ತನ್ನ ಕೆಲಸ ಮುಗಿಸಿ ಮರೆಯಾಗುತ್ತದೆ. ಕೀರ್ತಿಗಾಗಿ ಇರುವ ಕುರುಹು ಮಾತ್ರ ಮಣ್ಣಿನ ಮೇಲೆ ಉಳಿದು ಹೋಗಿಬರುವವರ ಕಣ್ಣನ್ನು ಕಾಯುತ್ತದೆ. ಒಂದು ಸಮಾಧಿಯಲ್ಲಿ ಮೇಲೇನಿದೆ ಎಂದು ಕೇಳುವವನು ಲೌಕಿಕ. ಒಳಗೆ ಕೈಯಲ್ಲಿ ಏನಿತ್ತು, ಆ ಕೈ ಬದುಕಿರುವಾಗ ಏನು ಮಾಡಿತು ಎಂದು ಕೇಳುವವನು ಭಕ್ತ.

ಕೂಡಲಸಂಗಮದಲ್ಲಿ ಈ ತತ್ತ್ವವು ಕಣ್ಣಿಗೆ ಕಾಣುವಂತಿದೆ. ಕೃಷ್ಣಾ ಮಲಪ್ರಭೆಯರ ಸಂಗಮದಲ್ಲಿರುವ ಬಸವಣ್ಣನವರ ಐಕ್ಯಸ್ಥಲವು ನಾರಾಯಣಪುರದ ಜಲಾಶಯದ ನೀರಿನಲ್ಲಿ ಮುಳುಗಬಾರದೆಂದು ಸುತ್ತಲೂ ದುಂಡನೆಯ ಗೋಡೆಯನ್ನು ಎತ್ತರಿಸಿದ್ದಾರೆ. ದರ್ಶನಕ್ಕೆ ಹೋದವರು ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ದೊಡ್ಡವರ ಗೋರಿಗಳಲ್ಲಿ ತಲೆಯೆತ್ತಿ ನೋಡುವುದು ಲೋಕದ ರೂಢಿ. ಇಲ್ಲಿ ತಲೆ ತಗ್ಗಿಸಿ ಇಳಿಯಬೇಕು. ತನಗಿಂತ ಕಿರಿಯರಿಲ್ಲವೆಂದು ನಡೆದ ಮಹಾನುಭಾವನ ಸನ್ನಿಧಿಗೆ ಇದು ತಕ್ಕುದೇ ಆಗಿದೆ. ಇತ್ತ ಹರಳಯ್ಯ, ಮಧುವರಸರನ್ನು ಕಲ್ಯಾಣದಲ್ಲಿ ಎಳೆಹೂಟೆಗೆ ಕಟ್ಟಿ ಕೊಂದರೆಂದು ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಎಳೆದ ದೇಹಗಳಿಗೆ ರಾಜನು ಗುಮ್ಮಟ ಕಟ್ಟಿಸಲಿಲ್ಲ. ಆದರೆ ಸಮಗಾರನ ಮನೆಗೂ ಬ್ರಾಹ್ಮಣನ ಮನೆಗೂ ಲಿಂಗಸಂಬಂಧವೊಂದೇ ಎಂಬ ನಡೆಗಾಗಿ ಅವರು ಪ್ರಾಣ ತೆತ್ತ ಸಂಗತಿಯನ್ನು ಎಂಟುನೂರು ವರ್ಷಗಳ ಮೇಲೆಯೂ ಶಿವಾನುಭವ ಗೋಷ್ಠಿಗಳಲ್ಲಿ ಹೇಳುತ್ತಲೇ ಇದ್ದಾರೆ.

ಈಚಿನ ಎರಡು ನಿದರ್ಶನಗಳು ಈ ವಿಚಾರವನ್ನು ಪೂರ್ಣಗೊಳಿಸುತ್ತವೆ. ತುಮಕೂರಿನ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು 111 ವರ್ಷಗಳ ಬಾಳನ್ನು ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಅವರ ದೇಹವು ಮಠದ ಪದ್ಧತಿಯಂತೆ ಕ್ರಿಯಾಸಮಾಧಿಯನ್ನು ಪಡೆಯಿತು. ಭಕ್ತರು ಗದ್ದುಗೆಯ ದರ್ಶನ ಪಡೆಯುತ್ತಿದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವನ್ನು ಬಿಟ್ಟರು. ತಮ್ಮ ದೇಹವನ್ನು ನೆಲದಲ್ಲಿರಿಸದೆ ಅಗ್ನಿಗೆ ಅರ್ಪಿಸಬೇಕು, ಭಸ್ಮವನ್ನು ನದಿಯಲ್ಲಾಗಲಿ ಸಾಗರದಲ್ಲಾಗಲಿ ವಿಸರ್ಜಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಯಾವ ಬಗೆಯ ಸ್ಮಾರಕವನ್ನೂ ಕಟ್ಟಬಾರದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಮರುದಿನ ಆ ಬರಹದಂತೆಯೇ ಅವರ ದೇಹವನ್ನು ಅಗ್ನಿಗೆ ಅರ್ಪಿಸಿದರು.

ಒಬ್ಬರಿಗೆ ಗದ್ದುಗೆಯಾಯಿತು, ಒಬ್ಬರಿಗೆ ಇಲ್ಲವಾಯಿತು. ಇವರಲ್ಲಿ ಯಾರು ಸರಿ ಎಂದು ಕೇಳುವುದು ಅವಿಚಾರ. ಸಿದ್ಧಗಂಗೆಯಲ್ಲಿ ಗದ್ದುಗೆಗೆ ಬೆಳಕು ಕೊಡುತ್ತಿರುವುದು ಅಲ್ಲಿ ದಿನವೂ ಹೊತ್ತಿರುವ ಅಡುಗೆಯೊಲೆ. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುವ ದಾಸೋಹವು ನಿಂತುಹೋದ ದಿನ ಆ ಗದ್ದುಗೆಯೂ ಬರಿಯ ಕಲ್ಲಾದೀತು. ವಿಜಯಪುರದಲ್ಲಿ ಕಲ್ಲಿಲ್ಲದಿದ್ದರೂ, ಸರಳವಾದ ಬಿಳಿಯಂಗಿಯ ಆ ಸಂತರು ಹಳ್ಳಿಹಳ್ಳಿಯಲ್ಲಿ ಆಡಿದ ಮಾತು ಸಾವಿರಾರು ಮನೆಗಳಲ್ಲಿ ನಡೆಯುತ್ತಿದೆ. ಗದ್ದುಗೆಯನ್ನು ಸ್ವೀಕರಿಸಿದವರಲ್ಲಿಯೂ ತನ್ನದೆಂಬ ಭಾವವಿರಲಿಲ್ಲ, ನಿರಾಕರಿಸಿದವರಲ್ಲಿಯೂ ತ್ಯಾಗಿಯೆಂಬ ಅಹಂಕಾರವಿರಲಿಲ್ಲ. ಒಂದು ಕಡೆ ಜಂಗಮವು ಸ್ಥಾವರವನ್ನು ಎತ್ತಿ ಹಿಡಿದಿದೆ; ಇನ್ನೊಂದು ಕಡೆ ಸ್ಥಾವರದ ಹಂಗಿಲ್ಲದೆಯೇ ನಡೆದಿದೆ.

ಇನ್ನು ಗೃಹಸ್ಥರ ಮಾತು. ತಾಯಿತಂದೆಗಳು ಲಿಂಗೈಕ್ಯರಾದಾಗ ಹೊಲದ ಬದಿಯಲ್ಲಿ ಸಮಾಧಿ ಮಾಡಿ, ಅದರ ಮೇಲೊಂದು ಕಟ್ಟೆ ಕಟ್ಟಿ, ವರ್ಷಕ್ಕೊಮ್ಮೆ ಹೂವು ಪತ್ರೆ ಏರಿಸುವುದು ಸಹಜವಾದ ಧರ್ಮ. ಅದನ್ನು ಯಾರೂ ನಿಂದಿಸಲಾಗದು. ಹೆತ್ತವರನ್ನು ಮರೆತವನಿಗೆ ಗುರುವಿನ ನೆನಪು ತಾನೆ ಎಲ್ಲಿಂದ ಬಂದೀತು? ಆದರೆ ಆ ಕಟ್ಟೆಯು ನೆರೆಯವನ ಕಟ್ಟೆಗಿಂತ ಒಂದು ಮೊಳ ಎತ್ತರವಾಗಬೇಕೆಂಬ ಆಸೆ ಹುಟ್ಟಿದ ಗಳಿಗೆಯಲ್ಲಿ ಅದು ತಂದೆಯ ಸಮಾಧಿಯಾಗಿ ಉಳಿಯದೆ ಮಗನ ಪ್ರತಿಮೆಯಾಗುತ್ತದೆ. ಸಾಲ ಮಾಡಿ ಅಮೃತಶಿಲೆ ಹಾಸಿದ ಮಗನು ತಂದೆಯು ದುಡಿದ ಹೊಲವನ್ನು ಆ ಸಾಲಕ್ಕೆ ಬಿಟ್ಟುಕೊಟ್ಟರೆ ಲಿಂಗೈಕ್ಯನಾದ ಜೀವಕ್ಕೆ ಯಾವ ಸಂತೋಷ? ಸಮಾಧಿಯ ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲೇರಿದರೆ ಆ ಗದ್ದುಗೆಯಲ್ಲಿ ಪೂಜೆಗೊಳ್ಳುವುದು ಹಿರಿಯರಲ್ಲ, ಹಗೆ. ತಾಯಿಯು ಬದುಕಿರುವಾಗ ಔಷಧಕ್ಕೆ ಹಿಂದುಮುಂದು ನೋಡಿದವನು ತಾಯಿ ಹೋದ ಮೇಲೆ ಮಂಟಪ ಕಟ್ಟಿಸಿದರೆ, ಆ ಮಂಟಪವು ಆತನ ಕೃಪಣತೆಗೇ ನಿಂತ ಶಾಸನವಾಗುತ್ತದೆ.

ಆದುದರಿಂದ ಗದ್ದುಗೆಯನ್ನು ಕಟ್ಟುವ ಮುನ್ನ ಮೂರು ಮಾತುಗಳನ್ನು ವಿಚಾರಿಸಬೇಕು. ಇದಕ್ಕೆ ಹಾಕುವ ಹಣವು ಕಾಯಕದಿಂದ ಬಂದುದೆ, ಇಲ್ಲವೆ ಸಾಲದಿಂದಲೂ ಪರರ ಪಾಲಿನಿಂದಲೂ ಬಂದುದೆ? ಇದರಿಂದ ಬದುಕಿರುವ ಯಾರೊಬ್ಬರಿಗಾದರೂ ನೆರಳೋ ನೀರೋ ಅನ್ನವೋ ಅಕ್ಷರವೋ ದೊರೆಯುವುದೆ? ಇದರ ಮುಂದೆ ನಿಂತ ಮೊಮ್ಮಗನಿಗೆ ಹೇಳಲು ಹಿರಿಯರ ಒಂದಾದರೂ ಸನ್ನಡತೆಯ ಕಥೆಯಿದೆಯೆ? ಈ ಮೂರಕ್ಕೂ ಅಹುದೆಂಬ ಉತ್ತರ ಬಂದರೆ ಕಟ್ಟೆಯು ಎಷ್ಟು ಚಿಕ್ಕದಾದರೂ ಸಾಕು. ಬಾರದಿದ್ದರೆ ಎಷ್ಟು ದೊಡ್ಡದಾದರೂ ಸಾಲದು.

ಕೊಳಗಲ್ಲಿನ ಶಾಸನವು ಸಾವಿರ ವರ್ಷಗಳನ್ನು ದಾಟಿ ಹೇಳುತ್ತಿರುವುದೂ ಇದನ್ನೇ. ಒಬ್ಬನ ಹೆಸರು ಆಳಿದ ನೆಲದಿಂದ ಉಳಿಯಬಹುದು, ಇನ್ನೊಬ್ಬನ ಹೆಸರು ಮಾಡಿದ ಧರ್ಮದಿಂದ ಉಳಿಯಬಹುದು. ಎರಡನ್ನೂ ಹೊತ್ತ ಕಲ್ಲು ಕೂಡ ಒಂದು ದಿನ ಸವೆಯತಕ್ಕುದೇ. ಸವೆಯದುದು ಒಂದುಂಟು. ಹಿರಿಯರು ಹಸಿದವನಿಗೆ ನೀಡಿದ ತುತ್ತನ್ನು ಮಕ್ಕಳು ಮತ್ತೊಬ್ಬ ಹಸಿದವನಿಗೆ ನೀಡುವುದು. ಅಂತಹ ಮನೆಯಲ್ಲಿ ಹಿರಿಯರ ಗದ್ದುಗೆ ಹೊಲದ ಬದಿಯಲ್ಲಿರಲಿ ಇಲ್ಲದಿರಲಿ, ಪಂಕ್ತಿಯಲ್ಲಿ ಹಾಕಿದ ಎಲೆಯ ಮುಂದೆ ಅವರು ಕುಳಿತೇ ಇರುತ್ತಾರೆ.